ಹಾಲಿಗೆಂದು ಕೊಟ್ಟ ದುಡ್ಡು

ಮಗಳ ಶಾಲೆಯಿಂದ ಈ ವರ್ಷವೂ ಆ ಕಾಗದ ಬಂತು. "ನಿಮ್ಮ ಮಗು ಓದುತ್ತಿರುವುದು ಟೈಟಲ್ ಒನ್ ಶಾಲೆ. ಮಗುವಿನ ಟೀಚರಿನ ವಿದ್ಯಾರ್ಹತೆ ಏನು ಎಂದು ಕೇಳುವ ಹಕ್ಕು ನಿಮಗಿದೆ. ಪೋಷಕರ ವಾರ್ಷಿಕ ಸಭೆಗೆ ಬನ್ನಿ..." ಎಂದೆಲ್ಲ ಬರೆದಿತ್ತು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇಂಥದ್ದೇ ಒಂದು ಕಾಗದ ನೋಡಿ ನಾನು ಭಾರೀ ಖುಷಿ ಪಟ್ಟಿದ್ದೆ. ಟೈಟಲ್ ಅಂದ್ರೆ ಬಿರುದು, ಒನ್ ಅಂದ್ರೆ ಒಂದನೇ ನಂಬರ್, ನಮ್ಮ ಪುಟ್ಟಿಯ ಶಾಲೆಗೆ ಏನೋ ಪ್ರಶಸ್ತಿ ಬಂದಿದೆ ಅಂದುಕೊಂಡು ಊರಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿಬಿಟ್ಟಿದ್ದೆ! ಆಮೇಲೆ ಗೊತ್ತಾಯಿತು, ಇದು ಬಿರುದಲ್ಲ, ಒಂದು ಕಾಯಿದೆಯ ಮೊದಲನೇ ಭಾಗ. ಬಡ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಡುವ ಹೆಚ್ಚುವರಿ ದುಡ್ಡು. ಅಪ್ಪನಿಗೆ ಇದನ್ನು ನಾನು ಇವತ್ತಿಗೂ ತಿದ್ದಿ ಹೇಳಿಲ್ಲ.

ಆ ದುಡ್ಡಿನ ನಿಯಮಗಳ ಹಿಂದೆ ಬಿದ್ದು ಓದುತ್ತಾ ಹೋದೆ. ಒಣ ವಿಷಯ ಅಂದುಕೊಂಡಿದ್ದೆ, ಹಾಗಿರಲಿಲ್ಲ. ನಿಮಗೂ ಹೇಳೋಣ ಅನ್ನಿಸಿತು.

ಮೊದಲು ಒಂದು ಮನೆಯ ಕಥೆ. ಮೊಮ್ಮಗ ಸೊರಗಿದ್ದಾನೆ. ಊರಿನಿಂದ ಅಜ್ಜಿ ತಿಂಗಳು ತಿಂಗಳು ಸ್ವಲ್ಪ ದುಡ್ಡು ಕಳಿಸುತ್ತಾಳೆ, "ಮಗೂಗೆ ದಿನಾ ಅರ್ಧ ಲೀಟರ್ ಹಾಲು ಹೆಚ್ಚಿಗೆ ತಗೊಳ್ಳಿ" ಅಂತ. ಮಗ ಏನು ಮಾಡುತ್ತಾನೆ? ಅಜ್ಜಿಯ ದುಡ್ಡಿನಲ್ಲಿ ಹಾಲು ತರುತ್ತಾನೆ, ಇಷ್ಟು ದಿನ ತಾನು ಹಾಲಿಗೆ ಕೊಡುತ್ತಿದ್ದ ಸ್ವಂತ ದುಡ್ಡನ್ನು ಸ್ಕೂಟರ್ ಕಂತಿಗೆ ಕಟ್ಟುತ್ತಾನೆ. ಅಜ್ಜಿ ಬಂದು ಲೆಕ್ಕ ಕೇಳಿದರೆ ಡೇರಿಯ ರಸೀದಿ ತೋರಿಸುತ್ತಾನೆ. ರಸೀದಿ ಸುಳ್ಳಲ್ಲ. ಅಜ್ಜಿಯ ದುಡ್ಡು ಪೈಸೆ ಪೈಸೆ ಹಾಲಿಗೇ ಹೋಗಿದೆ. ಆದರೆ ಹುಡುಗ ಮೊದಲು ಕುಡಿಯುತ್ತಿದ್ದಷ್ಟೇ ಹಾಲು ಕುಡಿಯುತ್ತಿದ್ದಾನೆ, ಅಷ್ಟೇ.

ಟೈಟಲ್ ಒನ್ ದುಡ್ಡಿನ ಅರವತ್ತು ವರ್ಷದ ಚರಿತ್ರೆ ಈ ಅಜ್ಜಿಯ ಚರಿತ್ರೆಯೇ. "ಹೆಚ್ಚಿಗೆ" ಅಂತ ಕೊಟ್ಟ ದುಡ್ಡು ನಿಜವಾಗಿ ಹೆಚ್ಚಿಗೆ ಆಯಿತೇ ಎಂದು ಪತ್ತೆ ಮಾಡುವುದು ಹೇಗೆ?

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯಲ್ಲ. ಅದೊಂದು ಪ್ರತ್ಯೇಕ ಪುಟ್ಟ ಸಂಸ್ಥಾನ ಅನ್ನಿ. ಅದಕ್ಕೆ ಹೆಚ್ಚಿನ ಕಡೆ ಚುನಾಯಿತ ಮಂಡಳಿ, ಅದರದ್ದೇ ಸೂಪರಿಂಟೆಂಡೆಂಟ್, ಅದರ ಗಡಿಯೊಳಗಿನ ಮನೆಗಳ ಆಸ್ತಿ ತೆರಿಗೆ. ಶ್ರೀಮಂತರ ಬಡಾವಣೆ ಇದ್ದರೆ ಶಾಲೆಗೆ ದುಡ್ಡು ಧಾರಾಳ, ಇಲ್ಲದಿದ್ದರೆ ಇಲ್ಲ. ಈಗ ಅಂಥವು ಸುಮಾರು 13 ಸಾವಿರ ಇವೆ. 1965ರಲ್ಲಿ 25 ಸಾವಿರಕ್ಕೂ ಹೆಚ್ಚಿದ್ದವು. ಶಿಕ್ಷಣ ಎನ್ನುವುದು ಸ್ಥಳೀಯರ ವಿಷಯ, ವಾಷಿಂಗ್ಟನ್ ಅದರಲ್ಲಿ ತಲೆ ಹಾಕಬಾರದು ಎನ್ನುವುದು ಇಲ್ಲಿಯವರ ಹಳೇ ಹಟ. ಕೇಂದ್ರದ ದುಡ್ಡು ಬಂದರೆ ಹಿಂದೆಯೇ ಕೇಂದ್ರದ ಅಧಿಕಾರವೂ ಬರುತ್ತದೆ ಎಂಬ ಭಯ ಒಂದು. ದಕ್ಷಿಣದವರಿಗೆ ಕರಿಯ ಬಿಳಿಯ ಮಕ್ಕಳನ್ನು ಒಟ್ಟಿಗೆ ಕೂರಿಸಬೇಕಾದೀತು ಎಂಬ ಭಯ ಇನ್ನೊಂದು. ಕ್ಯಾಥೊಲಿಕ್ ಶಾಲೆಗಳಿಗೆ ಪಾಲು ಕೊಡಬೇಕೋ ಬೇಡವೋ ಎಂಬ ಜಗಳ ಮೂರನೆಯದು. ಈ ಮೂರು ಕಲ್ಲುಗಳಿಗೆ ಎಡವಿ ಎಷ್ಟೋ ಮಸೂದೆಗಳು ಬಿದ್ದವು. 1961ರಲ್ಲಿ ಕೆನೆಡಿ ತಂದದ್ದೂ ಬಿತ್ತು.

ದಾರಿ ತೆರೆದದ್ದು ಲಿಂಡನ್ ಜಾನ್ಸನ್. ಈ ಮನುಷ್ಯನಿಗೆ ಬಡ ಮಕ್ಕಳ ಶಾಲೆ ಎಂದರೇನೆಂದು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. 1928ರಲ್ಲಿ, ಇನ್ನೂ ಇಪ್ಪತ್ತರ ಹುಡುಗನಾಗಿದ್ದಾಗ, ಟೆಕ್ಸಸ್‌ನ ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳ ಶಾಲೆಗೆ ಮೇಷ್ಟರಾಗಿ ಹೋಗಿದ್ದರು. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರುತ್ತಿದ್ದ ಆ ಮಕ್ಕಳ ಮಾತನ್ನು 1965ರ ಮಾರ್ಚಿಯಲ್ಲಿ ಕಾಂಗ್ರೆಸ್ಸಿನ ಮುಂದೆ ಮತದಾನದ ಹಕ್ಕಿನ ಬಗ್ಗೆ ಭಾಷಣ ಮಾಡುವಾಗಲೂ ಎತ್ತಿದರು.

ಅವರ ಉಪಾಯ ಸರಳ. ಶಾಲೆಗೆ ದುಡ್ಡು ಅನ್ನಬೇಡಿ, ಬಡ ಮಗುವಿಗೆ ದುಡ್ಡು ಅನ್ನಿ. ಮಗು ಯಾವ ಶಾಲೆಯಲ್ಲಿದ್ದರೂ ಸಹಾಯ ಮಗುವಿಗೆ, ಹಾಗಾಗಿ ಚರ್ಚಿನ ಜಗಳವೂ ತಣ್ಣಗಾಯಿತು. ಕರಿಯ ಬಿಳಿಯ ಜಗಳ 1964ರ ನಾಗರಿಕ ಹಕ್ಕುಗಳ ಕಾಯಿದೆಯಲ್ಲಿ ಆಗಲೇ ಒಂದು ತೀರ್ಮಾನಕ್ಕೆ ಬಂದಿತ್ತು. ವರ್ಷಕ್ಕೆ 2000 ಡಾಲರಿಗಿಂತ ಕಡಿಮೆ ಆದಾಯವಿರುವ ಮನೆಗಳ ಮಕ್ಕಳನ್ನು ಎಣಿಸಿ, ಆ ರಾಜ್ಯ ಒಂದು ಮಗುವಿಗೆ ಖರ್ಚು ಮಾಡುವ ಸರಾಸರಿಯ ಅರ್ಧದಿಂದ ಗುಣಿಸಿ ಹಂಚುವುದು. ಜನವರಿಯಲ್ಲಿ ಮಂಡನೆ, ಏಪ್ರಿಲ್ 11ಕ್ಕೆ ಸಹಿ. ಮೂರೇ ತಿಂಗಳು! ಸಹಿ ಹಾಕಿದ್ದು ಶ್ವೇತಭವನದಲ್ಲಲ್ಲ, ಟೆಕ್ಸಸ್‌ನಲ್ಲಿ ತಾವು ಬಾಲ್ಯದಲ್ಲಿ ಹೋಗಿದ್ದ ಒಂದೇ ಕೋಣೆಯ ಶಾಲೆಯ ಅಂಗಳದಲ್ಲಿ ಮೇಜು ಹಾಕಿಸಿಕೊಂಡು, ಪಕ್ಕದಲ್ಲಿ ತಮಗೆ ಮೊದಲು ಅಕ್ಷರ ಕಲಿಸಿದ ಟೀಚರ್ ಕೇಟ್ ಲೋನಿ ಅವರನ್ನು ಕೂರಿಸಿಕೊಂಡು. ಆ ಫೋಟೋ ನೋಡಿದರೆ ಯಾರಿಗಾದರೂ ತಮ್ಮ ಒಂದನೇ ಕ್ಲಾಸಿನ ಮೇಡಂ ನೆನಪಾಗಬೇಕು.

ಮೊದಲ ವರ್ಷದ ದುಡ್ಡು ಸುಮಾರು 100 ಕೋಟಿ ಡಾಲರ್. ದೇಶದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಡಿಸ್ಟ್ರಿಕ್ಟುಗಳಿಗೆ ಪಾಲು ಸಿಗುವ ಹಾಗೆ ಲೆಕ್ಕ ಹಾಕಿದ್ದರಿಂದಲೇ ಓಟು ಬಿದ್ದದ್ದು ಅನ್ನುವುದೂ ನಿಜ. ಆದರೆ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬೇಕು? ಕಾಯಿದೆ ಅಷ್ಟೇನೂ ಬಿಡಿಸಿ ಹೇಳಲಿಲ್ಲ. ಶಿಕ್ಷಣದಲ್ಲಿ ಹಿಂದುಳಿದ ಮಕ್ಕಳ ವಿಶೇಷ ಅಗತ್ಯಗಳಿಗೆ, ಅಂದಿತು. ಆಗ ಸೆನೆಟರ್ ಆಗಿದ್ದ ರಾಬರ್ಟ್ ಕೆನೆಡಿಗೆ ಮಾತ್ರ ಅನುಮಾನ ಇತ್ತು. ಈ ಮಕ್ಕಳನ್ನು ಹಿಂದುಳಿಯುವಂತೆ ಮಾಡಿದ ಶಾಲೆಗಳ ಕೈಗೇ ದುಡ್ಡು ಕೊಟ್ಟರೆ ಅವು ತಾನಾಗಿ ಸರಿಹೋಗುತ್ತವೆಯೇ? ಅವರು ಒತ್ತಾಯ ಮಾಡಿದ್ದರಿಂದ ಫಲಿತಾಂಶವನ್ನು ಅಳೆದು ವರದಿ ಕೊಡಬೇಕು ಎಂಬ ಮಾತು ಸೇರಿತು.

ದುಡ್ಡನ್ನು ನೋಡಿಕೊಳ್ಳಬೇಕಾದ ಕೇಂದ್ರದ ಶಿಕ್ಷಣ ಕಚೇರಿಗೋ ಕೈಯೂ ಇಲ್ಲ, ಕಾಲೂ ಇಲ್ಲ. ಇಡೀ ದೇಶದ ಟೈಟಲ್ ಒನ್ ಕೆಲಸಕ್ಕೆ ಇದ್ದದ್ದು ಸುಮಾರು 30 ಜನ ಅಧಿಕಾರಿಗಳು. ಮೇಲಾಗಿ ಮೊದಲ ವರ್ಷವೇ ಅವರಿಗೆ ಒಂದು ಪೆಟ್ಟು ಬಿತ್ತು. 1965ರ ಶರತ್ಕಾಲದಲ್ಲಿ ಶಿಕ್ಷಣ ಕಮಿಷನರ್ ಫ್ರಾನ್ಸಿಸ್ ಕೆಪ್ಪೆಲ್, ಜನಾಂಗಭೇದದ ದೂರು ಬಂದಿದೆ ಎಂದು ಶಿಕಾಗೋ ನಗರಕ್ಕೆ ಹೋಗಬೇಕಿದ್ದ 3 ಕೋಟಿಗೂ ಹೆಚ್ಚು ಡಾಲರನ್ನು ತಡೆಹಿಡಿದರು. ಶಿಕಾಗೋ ಮೇಯರ್ ರಿಚರ್ಡ್ ಡೇಲಿ ಅಂದರೆ ಆ ಕಾಲದ ದೊಡ್ಡ ಹುಲಿ. ಪೋಪ್ ಭೇಟಿಗೆಂದು ಅಧ್ಯಕ್ಷರು ನ್ಯೂಯಾರ್ಕಿಗೆ ಬಂದಿದ್ದಾಗ ಡೇಲಿ ನೇರವಾಗಿ ಅವರ ಹತ್ತಿರವೇ ಹೋಗಿ ಕೂಗಾಡಿದರು. ಕೆಲವೇ ದಿನಗಳಲ್ಲಿ ದುಡ್ಡು ಬಿಡುಗಡೆಯಾಯಿತು, ಸ್ವಲ್ಪ ಕಾಲಕ್ಕೆ ಕೆಪ್ಪೆಲ್ ಆ ಕುರ್ಚಿಯಲ್ಲಿ ಇರಲಿಲ್ಲ. ಅಂದ ಹಾಗೆ, ಅದೇ ವಾರ ಜಾನ್ಸನ್ ನ್ಯೂಯಾರ್ಕಿನಲ್ಲಿ ಇನ್ನೊಂದು ಕಾಗದಕ್ಕೂ ಸಹಿ ಹಾಕಿದರು, 1965ರ ವಲಸೆ ಕಾಯಿದೆಗೆ. ನಮ್ಮಂಥವರು ಇಲ್ಲಿಗೆ ಬಂದು ಬದುಕು ಕಟ್ಟಿಕೊಳ್ಳಲು ಬಾಗಿಲು ತೆರೆದದ್ದು ಆ ಸಹಿ.

ಶಿಕಾಗೋ ಪಾಠವನ್ನು ಎಲ್ಲರೂ ಚೆನ್ನಾಗಿಯೇ ಕಲಿತರು. ವಾಷಿಂಗ್ಟನ್ ಬೊಗಳಬಹುದು, ಕಚ್ಚುವುದಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ, 1969ರ ಡಿಸೆಂಬರಿನಲ್ಲಿ, ಇಬ್ಬರು ಹೆಂಗಸರು ಒಂದು ವರದಿ ಹೊರತಂದರು. ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್‌ಕ್ಲೂರ್. ಈ ದುಡ್ಡು ಬಡ ಮಕ್ಕಳಿಗೆ ಉಪಯೋಗವಾಗುತ್ತಿದೆಯೇ ಎಂಬ ಪ್ರಶ್ನೆಯೇ ಅದರ ಹೆಸರು. ಮಾರ್ಟಿನ್ ಅವರು ಸರ್ಕಾರದ ನಾಗರಿಕ ಹಕ್ಕುಗಳ ಕಚೇರಿಯನ್ನು ನಡೆಸಿ ಬಂದಿದ್ದವರು. ಅವರ ಕೈಗೆ ಸಿಕ್ಕ ದೊಡ್ಡ ಸಾಕ್ಷಿ ಯಾವುದು ಗೊತ್ತೇ? ಸರ್ಕಾರದ್ದೇ ಆಡಿಟ್ ವರದಿಗಳು! ಲೆಕ್ಕ ಪರಿಶೋಧಕರು ಊರೂರು ತಿರುಗಿ ಬರೆದಿಟ್ಟಿದ್ದರು, ಮೇಲಿನವರು ಓದಿರಲಿಲ್ಲ, ಅಥವಾ ಓದಿ ಸುಮ್ಮನಿದ್ದರು.

ಅದರಲ್ಲಿ ಏನಿತ್ತು? ಟೆನೆಸ್ಸೀ ರಾಜ್ಯದ ಮೆಂಫಿಸ್‌ನಲ್ಲಿ 1966ರ ಬೇಸಿಗೆಗೆ ಈ ದುಡ್ಡಿನಲ್ಲಿ 18 ಈಜುಕೊಳಗಳನ್ನು, ಎತ್ತಿಕೊಂಡು ಹೋಗಬಹುದಾದಂಥವು, ಖರೀದಿ ಮಾಡಿದ್ದರು. ಅದೇ ರಾಜ್ಯದ ಫೇಯೆಟ್ ಕೌಂಟಿಯಲ್ಲಿ ಬಂದ ದುಡ್ಡಿನ ಶೇಕಡಾ 90 ಕಟ್ಟಡಕ್ಕೆ ಹೋಗಿತ್ತು, ಕರಿಯ ಬಿಳಿಯ ಮಕ್ಕಳನ್ನು ಒಂದುಗೂಡಿಸಿ ಎಂಬ ಕೋರ್ಟಿನ ಆಜ್ಞೆ ತಲೆಯ ಮೇಲಿದ್ದಾಗ. ಒಂದು ಕ್ಷಣ ಯೋಚನೆ ಮಾಡಿ. ಈಜುಕೊಳದಲ್ಲಿ ಕನಿಷ್ಠ ಮಕ್ಕಳು ಈಜಿರಬಹುದು. ಇನ್ನೂ ಎಷ್ಟೋ ಕಡೆ ನಡೆದದ್ದು ಅಜ್ಜಿಯ ಹಾಲಿನ ಕಥೆ. ಬಿಳಿಯ ಮಕ್ಕಳ ಶಾಲೆಗೆ ಗ್ರಂಥಾಲಯ, ಪುಸ್ತಕ, ಊಟದ ಕೋಣೆ ಎಲ್ಲವೂ ಸ್ಥಳೀಯ ತೆರಿಗೆಯಿಂದ. ಕರಿಯ ಮಕ್ಕಳ ಶಾಲೆಗೆ ಅವೇ ವಸ್ತುಗಳು ಟೈಟಲ್ ಒನ್ ದುಡ್ಡಿನಿಂದ. ಡಿಸ್ಟ್ರಿಕ್ಟು ತಾನು ಮಾಡಲೇಬೇಕಾಗಿದ್ದ ಖರ್ಚನ್ನು ವಾಷಿಂಗ್ಟನ್ ತಲೆಗೆ ಕಟ್ಟಿ ಆರಾಮಾಗಿತ್ತು. ರಸೀದಿಗಳು ಎಲ್ಲ ಸರಿಯಾಗಿದ್ದವು.

ಈ ವರದಿಯ ಗಲಾಟೆಯ ಬೆನ್ನಲ್ಲೇ 1970ರ ಏಪ್ರಿಲಿನಲ್ಲಿ ಕಾಯಿದೆಗೆ ಹಲ್ಲು ಹುಟ್ಟಿತು. ಆವರೆಗೆ ಕಚೇರಿಯ ನಿಯಮಾವಳಿಗಳಲ್ಲಷ್ಟೇ ಇದ್ದ ಮಾತು ಕಾಯಿದೆಯೊಳಗೇ ಬಂತು: ಸಪ್ಲಿಮೆಂಟ್, ನಾಟ್ ಸಪ್ಲಾಂಟ್. ಅಂದರೆ ಕೇಂದ್ರದ ದುಡ್ಡು ಇರುವುದರ ಮೇಲೆ ಸೇರಬೇಕು, ಇರುವುದರ ಜಾಗದಲ್ಲಿ ಕೂರಬಾರದು. ಅನ್ನದ ಮೇಲೆ ತುಪ್ಪ, ಅನ್ನದ ಬದಲು ತುಪ್ಪ ಅಲ್ಲ. ಅದರ ಜೊತೆಗೆ ಇನ್ನೊಂದು ನಿಯಮ: ಟೈಟಲ್ ಒನ್ ದುಡ್ಡು ಸೇರಿಸುವ ಮೊದಲೇ, ಸ್ಥಳೀಯ ದುಡ್ಡಿನಲ್ಲಿ ಬಡ ಶಾಲೆಗೂ ಉಳಿದ ಶಾಲೆಗೂ ಸರಿಸಮವಾದ ಸೌಲಭ್ಯ ಇರಬೇಕು. ಇದರ ಹೆಸರು ಕಂಪೇರಬಿಲಿಟಿ. ಈ ಎರಡನೆಯದರ ಹೊಟ್ಟೆಯಲ್ಲಿ ಒಂದು ತೂತು ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆಯವರಿಗೆ ಇದೇನು ವಿಚಿತ್ರ ನಿಯಮ ಅನ್ನಿಸಬಾರದು. ನಮ್ಮ ಸರ್ವ ಶಿಕ್ಷಾ ಅಭಿಯಾನದ ಚೌಕಟ್ಟಿನಲ್ಲೂ ಇದೇ ಮಾತಿತ್ತು. ರಾಜ್ಯ ಸರ್ಕಾರಗಳು ಪ್ರಾಥಮಿಕ ಶಿಕ್ಷಣಕ್ಕೆ 1999-2000ರಲ್ಲಿ ಎಷ್ಟು ಖರ್ಚು ಮಾಡುತ್ತಿದ್ದವೋ ಅಷ್ಟನ್ನು ಇಳಿಸುವ ಹಾಗಿಲ್ಲ, ಅಭಿಯಾನದ ತಮ್ಮ ಪಾಲನ್ನು ಅದರ ಮೇಲೆ ಹಾಕಬೇಕು ಎಂದು. ಕರ್ನಾಟಕಕ್ಕೂ ಅದೇ ಅನ್ವಯ. 2018ರಲ್ಲಿ ಅಭಿಯಾನ ಸಮಗ್ರ ಶಿಕ್ಷಾದಲ್ಲಿ ಸೇರಿಹೋಯಿತು. ದೆಹಲಿಯಾಗಲಿ ವಾಷಿಂಗ್ಟನ್ನಾಗಲಿ, ಮೇಲಿನಿಂದ ದುಡ್ಡು ಕೊಡುವವರಿಗೆ ಬರುವ ಅನುಮಾನ ಒಂದೇ. ಇರಲಿ, ಅಮೆರಿಕಕ್ಕೆ ವಾಪಸ್ ಹೋಗೋಣ.

ನಿಯಮವೇನೋ ಬಂತು. ಆದರೆ "ಹೆಚ್ಚುವರಿ" ಎಂದು ಸಾಬೀತು ಮಾಡುವುದು ಹೇಗೆ? ಈ ದುಡ್ಡು ಬಾರದೇ ಇದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ನಡೆಯದೇ ಇದ್ದದ್ದಕ್ಕೆ ರಸೀದಿ ಎಲ್ಲಿಂದ ತರುವುದು? ಕಾಲ ಕಳೆದ ಹಾಗೆ ಲೆಕ್ಕ ಪರಿಶೋಧಕರು ಮೂರು ಗುರುತು ಇಟ್ಟುಕೊಂಡರು. ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸಕ್ಕೆ ಈ ದುಡ್ಡು ಹಾಕಿದ್ದೀರಾ? ಹೋದ ವರ್ಷ ನಿಮ್ಮ ದುಡ್ಡಿನಲ್ಲಿ ಮಾಡಿದ್ದನ್ನು ಈ ವರ್ಷ ಇದರಲ್ಲಿ ಮಾಡಿದ್ದೀರಾ? ಉಳಿದ ಮಕ್ಕಳಿಗೆ ನಿಮ್ಮ ದುಡ್ಡಿನಲ್ಲಿ ಕೊಡುವುದನ್ನೇ ಬಡ ಮಕ್ಕಳಿಗೆ ಇದರಲ್ಲಿ ಕೊಟ್ಟಿದ್ದೀರಾ? ಯಾವುದಕ್ಕೆ ಹೌದು ಅಂದರೂ ತಪ್ಪು ನಿಮ್ಮದೇ ಎಂದು ಭಾವಿಸಲಾಗುತ್ತದೆ, ಅಲ್ಲವೆಂದು ತೋರಿಸುವುದು ನಿಮ್ಮ ಪಾಡು.

ಇಂಥ ಪರೀಕ್ಷೆ ಮುಂದಿದ್ದಾಗ ಶಾಲೆಗಳು ಏನು ಮಾಡಿದವು? ಆಡಿಟರಿನ ಕಣ್ಣಿಗೆ ಕಾಣುವ ಹಾಗೆ ಮಾಡಿದವು. ಅಜ್ಜಿಯ ಹಾಲಿಗೆ ಬೇರೆ ಲೋಟ, ಬೇರೆ ಕೋಣೆ. ಪಾಠ ನಡೆಯುತ್ತಿರುವಾಗ ಐದಾರು ಮಕ್ಕಳನ್ನು ಎಬ್ಬಿಸಿ, ಓಣಿಯ ಕೊನೆಯ ಇನ್ನೊಂದು ಕೋಣೆಗೆ ಕರೆದುಕೊಂಡು ಹೋಗಿ, ಟೈಟಲ್ ಒನ್ ಸಂಬಳದ ಟೀಚರ್ ಅರ್ಧ ಗಂಟೆ ಓದಿಸಿ ವಾಪಸ್ ಕಳಿಸುವುದು. ಇದಕ್ಕೆ ಪುಲ್-ಔಟ್ ಅನ್ನುತ್ತಾರೆ. ಲೆಕ್ಕಕ್ಕೆ ಬಲು ಸಲೀಸು. ಟೀಚರ್ ಬೇರೆ, ಕೋಣೆ ಬೇರೆ, ಪುಸ್ತಕದ ಮೇಲೆ ಮುದ್ರೆ ಬೇರೆ. ಆದರೆ ಮಗು ತನ್ನ ತರಗತಿಯಲ್ಲಿ ಆಗ ನಡೆಯುತ್ತಿದ್ದ ಪಾಠವನ್ನು ಕಳೆದುಕೊಳ್ಳುತ್ತಿತ್ತು. ಎರಡೂ ಕೋಣೆಗಳ ಟೀಚರುಗಳು ಒಬ್ಬರಿಗೊಬ್ಬರು ಮಾತಾಡುತ್ತಿದ್ದದ್ದು ಅಪರೂಪ. ಇಲ್ಲಿ ಏನು ಓದುತ್ತಿದೆ, ಅಲ್ಲಿ ಏನು ಓದುತ್ತಿದೆ, ತಾಳಮೇಳ ಇಲ್ಲ. ಇನ್ನು ಉಳಿದ ಮಕ್ಕಳ ಮುಂದೆ ದಿನಾ ಎದ್ದು ಹೋಗುವ ಆ ನಾಚಿಕೆ! ಹಾಗೆ ಮಾಡಿ ಎಂದು ಕಾಯಿದೆ ಎಲ್ಲೂ ಹೇಳಿರಲಿಲ್ಲ. ಅದು ಅತಿ ಸುರಕ್ಷಿತ ದಾರಿಯಾಗಿತ್ತು, ಅಷ್ಟೇ. 1980ರ ದಶಕದ ಹೊತ್ತಿಗೆ ದೇಶದ ತುಂಬಾ ಅದೇ ರೂಢಿ.

ಆ ಸುರಕ್ಷಿತ ದಾರಿ ಬಿಟ್ಟವರ ಗತಿ ಏನಾಯಿತು ಎಂಬುದಕ್ಕೆ ಕೆಂಟಕಿಯ ಮೊಕದ್ದಮೆ ಇದೆ. ಇದನ್ನು ಓದಿದ ಮೇಲೆ ನನಗೆ ಎರಡು ದಿನ ಯಾರ ಪರ ನಿಲ್ಲಬೇಕೆಂದೇ ಗೊತ್ತಾಗಲಿಲ್ಲ. 1974ರಲ್ಲಿ ಆ ರಾಜ್ಯದ ಕೆಲವು ಡಿಸ್ಟ್ರಿಕ್ಟುಗಳು, ಒಂದು ಎರಡನೇ ತರಗತಿಗೆ ಇನ್ನೂ ತಯಾರಿಲ್ಲದ ಮಕ್ಕಳಿಗೆ ರೆಡಿನೆಸ್ ತರಗತಿ ಎಂದು ನಡೆಸಿದವು. ಮಗುವನ್ನು ಎಬ್ಬಿಸಿ ಅರ್ಧ ಗಂಟೆ ಕರೆದೊಯ್ಯುವುದಿಲ್ಲ, ದಿನವಿಡೀ ಆ ಚಿಕ್ಕ ತರಗತಿಯಲ್ಲೇ ಪಾಠ. ಟೀಚರಿನ ಸಂಬಳ ಟೈಟಲ್ ಒನ್ ದುಡ್ಡು. ಸಂಗೀತ, ಆಟ ಇಂಥವನ್ನು ಬಿಟ್ಟರೆ ಮುಖ್ಯ ಪಾಠವೆಲ್ಲ ಅಲ್ಲೇ. ಮಕ್ಕಳಿಗೆ ಒಳ್ಳೆಯದಾಯಿತು, ನಮ್ಮ ಉದ್ದೇಶವೂ ಒಳ್ಳೆಯದೇ ಎಂದು ರಾಜ್ಯ ಹೇಳಿತು. ಆಡಿಟರುಗಳು ಹೇಳಿದ್ದೇ ಬೇರೆ: ಈ ಮಕ್ಕಳು ಮಾಮೂಲು ತರಗತಿಯಲ್ಲಿದ್ದಿದ್ದರೆ ಅವರ ಟೀಚರಿಗೆ ನೀವು ಸಂಬಳ ಕೊಡಬೇಕಿತ್ತಲ್ಲ, ಆ ದುಡ್ಡು ಎಲ್ಲಿ? ನೀವು ಉಳಿಸಿಕೊಂಡಿರಿ. ವಾಪಸ್ ಕೊಡಿ, 3,38,034 ಡಾಲರ್.

ಕೆಳಗಿನ ಕೋರ್ಟು ಕೆಂಟಕಿಯ ಪರ ನಿಂತಿತು. ಮೋಸದ ಉದ್ದೇಶವಿಲ್ಲ, ನಿಯಮವನ್ನು ಬಹುಮಟ್ಟಿಗೆ ಪಾಲಿಸಿದ್ದಾರೆ, ದುಡ್ಡು ವಾಪಸ್ ಕೇಳುವುದು ಅನ್ಯಾಯ ಅಂದಿತು. 1985ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್. ದುಡ್ಡು ತೆಗೆದುಕೊಳ್ಳುವಾಗಲೇ ಷರತ್ತು ಒಪ್ಪಿದ್ದೀರಿ, ಬಹುಮಟ್ಟಿಗೆ ಪಾಲಿಸಿದೆ ಅಂದರೆ ಸಾಲದು ಎನ್ನುವುದು ಅದರ ಸಾರ. ಅದೇ ದಿನ ನ್ಯೂಜೆರ್ಸಿಯದ್ದೂ ಇಂಥದ್ದೊಂದು ತೀರ್ಪು ಬಂತು, ಅದರಲ್ಲಿ ಹಣ 10 ಲಕ್ಷ ಡಾಲರಿಗೂ ಹೆಚ್ಚು.

ಈಗ ನೀವೇ ಹೇಳಿ. ದಿನವಿಡೀ ಚಿಕ್ಕ ತರಗತಿಯಲ್ಲಿ ಕೂತು ಕಲಿಯುವುದು ಮಗುವಿಗೆ ಒಳ್ಳೆಯದೋ, ಅರ್ಧ ಗಂಟೆ ಎದ್ದು ಹೋಗಿ ಬರುವುದೋ? ಆದರೂ ಆಡಿಟರಿನ ಪ್ರಶ್ನೆ ಅಜ್ಜಿಯ ಪ್ರಶ್ನೆಯೇ ತಾನೇ? ಮಾಮೂಲು ಟೀಚರಿನ ಸಂಬಳ ಉಳಿಯಿತಲ್ಲ! ಕೆಂಟಕಿ ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲಿಲ್ಲ ಎಂದೇ ನನಗೂ ಅನ್ನಿಸುತ್ತದೆ. ಆದರೆ ಈ ತೀರ್ಪನ್ನು ಓದಿದ ಯಾವ ಡಿಸ್ಟ್ರಿಕ್ಟಿನ ಗುಮಾಸ್ತನೂ ಮುಂದೆ ಹೊಸ ಪ್ರಯೋಗಕ್ಕೆ ಕೈ ಹಾಕಿರಲಾರ.

ಅದೇ 1985ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಮಗು ಎಲ್ಲೇ ಓದಲಿ, ಸಹಾಯ ಮಗುವಿಗೆ ಅಂದಿದ್ದರಲ್ಲ, ಅದರಂತೆ ನ್ಯೂಯಾರ್ಕ್ ನಗರದ ಸರ್ಕಾರಿ ಟೀಚರುಗಳು ಕ್ಯಾಥೊಲಿಕ್ ಶಾಲೆಗಳ ಒಳಗೇ ಹೋಗಿ ಪಾಠ ಮಾಡುತ್ತಿದ್ದರು. ಧರ್ಮಕ್ಕೂ ಸರ್ಕಾರಕ್ಕೂ ಗಂಟು ಬೀಳುತ್ತದೆ, ಕೂಡದು ಎಂದಿತು ಸುಪ್ರೀಂ ಕೋರ್ಟು. ಪರಿಹಾರ? ಶಾಲೆಯ ಗೇಟಿನ ಹೊರಗೆ, ರಸ್ತೆ ಬದಿಯಲ್ಲಿ ವ್ಯಾನು ನಿಲ್ಲಿಸಿ ಅದರೊಳಗೆ ಪಾಠ! ಮಳೆಯಲ್ಲಿ, ಹಿಮದಲ್ಲಿ ಮಕ್ಕಳು ಶಾಲೆಯಿಂದ ವ್ಯಾನಿಗೆ, ವ್ಯಾನಿನಿಂದ ಶಾಲೆಗೆ. ಈ ಪಾಲನೆಗೆ ನ್ಯೂಯಾರ್ಕ್ ಒಂದೇ ಕೆಲವು ವರ್ಷಗಳಲ್ಲಿ 10 ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. 1997ರಲ್ಲಿ ಅದೇ ಕೋರ್ಟು ತನ್ನ ತೀರ್ಪನ್ನು ತಾನೇ ರದ್ದು ಮಾಡಿ, ಒಳಗೆ ಹೋಗಬಹುದು ಅಂದಿತು.

ಪುಲ್-ಔಟ್‌ನ ಕಟ್ಟು ಸಡಿಲವಾದದ್ದು ನಿಧಾನವಾಗಿ. ಶಾಲೆಯ ಮುಕ್ಕಾಲು ಪಾಲು ಮಕ್ಕಳು ಬಡವರಾಗಿದ್ದರೆ, ದುಡ್ಡನ್ನು ಇಡೀ ಶಾಲೆಗೇ ಬಳಸಬಹುದು ಎಂದು 1978ರಲ್ಲೇ ಹೇಳಿದ್ದರು, ಆದರೆ ಉಳಿದ ಮಕ್ಕಳ ಲೆಕ್ಕಕ್ಕೆ ಡಿಸ್ಟ್ರಿಕ್ಟು ತನ್ನ ದುಡ್ಡನ್ನೂ ಸೇರಿಸಬೇಕಿತ್ತು. ಯಾರೂ ಅಷ್ಟಾಗಿ ಮುಂದೆ ಬರಲಿಲ್ಲ. 1988ರಲ್ಲಿ ಆ ಷರತ್ತು ಹೋಯಿತು. 1994ರ ಕಾಯಿದೆ ಮುಕ್ಕಾಲನ್ನು ಅರ್ಧಕ್ಕೆ ಇಳಿಸಿತು, ಬುಷ್ ಕಾಲದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಶೇಕಡಾ 40ಕ್ಕೆ. ನನ್ನ ಮಗಳ ಶಾಲೆ ಈ ಲೆಕ್ಕದಲ್ಲೇ ಬರುವುದು, ಅಲ್ಲಿ ಯಾರನ್ನೂ ಎಬ್ಬಿಸಿ ಕರೆದುಕೊಂಡು ಹೋಗುವುದಿಲ್ಲ. ಆದರೂ ಹಳೆಯ ಭಯ ಮೂಳೆಯಲ್ಲಿ ಉಳಿದಿದೆ. ಒಂದು ಸಲ ನಾನು ಸ್ವಯಂಸೇವೆಗೆ ಹೋಗಿದ್ದಾಗ, ಇನ್ನೊಂದು ಶಾಲೆಯಲ್ಲಿ, ಪ್ರೊಜೆಕ್ಟರ್ ಬೇಕಾಗಿತ್ತು. ಪಕ್ಕದ ಕೋಣೆಯಲ್ಲಿ ಒಂದು ಸುಮ್ಮನೆ ಕೂತಿತ್ತು. ಅದರ ಮೇಲೆ ಟೈಟಲ್ ಒನ್ ಅಂತ ಸ್ಟಿಕರ್. "ಅದು ಮುಟ್ಟೋ ಹಾಗಿಲ್ಲ" ಅಂದರು ಅಲ್ಲಿನ ಟೀಚರ್, ದೇವರ ಪೆಟ್ಟಿಗೆಯ ಬಗ್ಗೆ ಹೇಳುವ ಹಾಗೆ.

ಈಗ ಆ ತೂತಿನ ವಿಷಯ. ಬಡ ಶಾಲೆಗೂ ಉಳಿದ ಶಾಲೆಗೂ ಸ್ಥಳೀಯ ದುಡ್ಡಿನಲ್ಲಿ ಸಮಾನ ಸೌಲಭ್ಯ ಇರಬೇಕು ಅಂದರಲ್ಲ, ಆ ಲೆಕ್ಕ ಹಾಕುವಾಗ ಟೀಚರುಗಳ ಸೇವಾವಧಿಯಿಂದ ಸಂಬಳದಲ್ಲಾಗುವ ವ್ಯತ್ಯಾಸವನ್ನು ಸೇರಿಸಬಾರದು ಎಂದು ಕಾಯಿದೆಯೇ ಹೇಳುತ್ತದೆ. ಶಾಲೆಯ ಖರ್ಚಿನಲ್ಲಿ ಬಹುಪಾಲು ಸಂಬಳ. ಇಲ್ಲಿ ಇಪ್ಪತ್ತು ವರ್ಷ ಅನುಭವವಿರುವ ಟೀಚರ್ ಹೊಸಬರಿಗಿಂತ ಎಷ್ಟೋ ಹೆಚ್ಚು ಸಂಬಳ ಪಡೆಯುತ್ತಾರೆ, ಮತ್ತು ಹಿರಿತನ ಬಂದ ಹಾಗೆ ಹಲವರು ಅನುಕೂಲಸ್ಥರ ಬಡಾವಣೆಯ ಶಾಲೆಗೆ ವರ್ಗ ಮಾಡಿಸಿಕೊಳ್ಳುತ್ತಾರೆ. ಬಡ ಶಾಲೆಗೆ ಹೊಸಬರು. ಎರಡೂ ಕಡೆ 25 ಮಕ್ಕಳಿಗೆ ಒಬ್ಬ ಟೀಚರ್, ಕಾಗದದಲ್ಲಿ ಸಮ. ದುಡ್ಡಿನಲ್ಲಿ ಸಮವಲ್ಲ. ಅಂದರೆ ಪ್ರೊಜೆಕ್ಟರಿಗೆ ಸ್ಟಿಕರ್ ಅಂಟಿಸಿ ಕಾಯುತ್ತಿದ್ದ ನಿಯಮ, ಹಿಂಬಾಗಿಲಿನಿಂದ ಹಾಲಿನ ಕ್ಯಾನೇ ಆಚೆ ಹೋಗುತ್ತಿದ್ದರೂ ನೋಡದೆ ಕೂತಿತ್ತು.

ಇದು ಬರೀ ಊಹೆಯಲ್ಲ. 2008-09ರ ಲೆಕ್ಕವನ್ನು ಶಾಲೆವಾರು ನೋಡಿದ ಕೇಂದ್ರ ಶಿಕ್ಷಣ ಇಲಾಖೆ 2011ರಲ್ಲಿ ಹೇಳಿದ್ದು: ಟೈಟಲ್ ಒನ್ ಶಾಲೆಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಶಾಲೆಗಳು, ಅದೇ ಡಿಸ್ಟ್ರಿಕ್ಟಿನ ಅದೇ ಮಟ್ಟದ ಉಳಿದ ಶಾಲೆಗಳಿಗಿಂತ ಕಡಿಮೆ ರಾಜ್ಯ ಮತ್ತು ಸ್ಥಳೀಯ ದುಡ್ಡನ್ನು ಸಿಬ್ಬಂದಿಯ ಮೇಲೆ ಖರ್ಚು ಮಾಡುತ್ತಿದ್ದವು.

2015ರ ಡಿಸೆಂಬರಿನಲ್ಲಿ ಒಬಾಮಾ ಸಹಿ ಹಾಕಿದ ಹೊಸ ಕಾಯಿದೆ ಮೂರು ಗುರುತುಗಳ ಪರೀಕ್ಷೆಯನ್ನು ಕೈಬಿಟ್ಟಿತು. ಒಂದೊಂದು ಖರ್ಚನ್ನೂ ಹೆಚ್ಚುವರಿ ಎಂದು ತೋರಿಸಬೇಕಾಗಿಲ್ಲ. ಅದರ ಬದಲು, ರಾಜ್ಯದ ಮತ್ತು ಸ್ಥಳೀಯ ದುಡ್ಡನ್ನು ಶಾಲೆಗಳಿಗೆ ಹಂಚುವ ವಿಧಾನ ಯಾವುದು, ಟೈಟಲ್ ಒನ್ ದುಡ್ಡು ಬರುತ್ತದೆ ಎಂಬ ಕಾರಣಕ್ಕೆ ಯಾವ ಶಾಲೆಗೂ ಅದರಲ್ಲಿ ಕಡಿಮೆ ಆಗಿಲ್ಲ ತಾನೇ ಎಂದು ಡಿಸ್ಟ್ರಿಕ್ಟು ತೋರಿಸಬೇಕು. ಅಂದರೆ ಅಜ್ಜಿ ಈಗ ತನ್ನ ಹಾಲಿನ ರಸೀದಿ ಕೇಳುವುದಿಲ್ಲ, ಮನೆಯ ದುಡ್ಡನ್ನು ಹೇಗೆ ಹಂಚುತ್ತೀರಿ ಹೇಳಿ ಅನ್ನುತ್ತಾಳೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಮೊದಲಿನಿಂದಲೂ ಇದೇ ಆಗಿತ್ತು. ಇದನ್ನು ಕೇಳಲು ಐವತ್ತು ವರ್ಷ ಬೇಕಾಯಿತು. 2016ರಲ್ಲಿ ಶಿಕ್ಷಣ ಕಾರ್ಯದರ್ಶಿ ಜಾನ್ ಕಿಂಗ್ ಒಂದು ಹೆಜ್ಜೆ ಮುಂದೆ ಹೋಗಿ, ನಿಜವಾದ ಸಂಬಳವೂ ಸೇರಿ ಡಾಲರು ಡಾಲರು ಸಮವಾಗಬೇಕು ಎಂಬ ಕರಡು ನಿಯಮ ತಂದರು. ಕಾಯಿದೆ ಬರೆಸಿದವರಲ್ಲಿ ಒಬ್ಬರಾದ ಸೆನೆಟರ್ ಲಮಾರ್ ಅಲೆಕ್ಸಾಂಡರ್ ಉರಿದೆದ್ದರು. ಸೂಪರಿಂಟೆಂಡೆಂಟುಗಳು, ಟೀಚರುಗಳ ಸಂಘದವರೂ ವಿರೋಧಿಸಿದರು, ಹಿರಿಯ ಟೀಚರುಗಳನ್ನು ಬಲವಂತವಾಗಿ ವರ್ಗ ಮಾಡಬೇಕಾಗುತ್ತದೆ ಎಂದು. ಅವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಟೀಚರುಗಳೇನು ಚೀಲಗಳೇ, ಇಲ್ಲಿಂದ ಎತ್ತಿ ಅಲ್ಲಿ ಇಡಲು? 2017ರ ಜನವರಿಯಲ್ಲಿ, ಸರ್ಕಾರ ಬದಲಾಗುವ ಹೊತ್ತಿಗೆ, ಕರಡನ್ನು ಹಿಂದಕ್ಕೆ ತೆಗೆದುಕೊಂಡರು. 2024ರಲ್ಲಿ ಈ ದುಡ್ಡು 1,840 ಕೋಟಿ ಡಾಲರ್ ಆಗಿತ್ತು. ಸಂಬಳದ ಆ ವಿನಾಯಿತಿ ಕಾಯಿದೆಯಲ್ಲಿ ಹಾಗೇ ಇದೆ.

ಆದರೆ ಅದೇ 2015ರ ಕಾಯಿದೆಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಸಾಲಿದೆ. ಪ್ರತಿ ಶಾಲೆಯಲ್ಲೂ ಒಂದು ಮಗುವಿಗೆ ತಲಾ ಎಷ್ಟು ಖರ್ಚಾಯಿತು ಎಂಬುದನ್ನು, ಟೀಚರುಗಳ ನಿಜವಾದ ಸಂಬಳವನ್ನೂ ಸೇರಿಸಿ, ಕೇಂದ್ರದ ದುಡ್ಡು ಬೇರೆ ರಾಜ್ಯ-ಸ್ಥಳೀಯ ದುಡ್ಡು ಬೇರೆ ಮಾಡಿ, ಪ್ರತಿ ವರ್ಷ ಸಾರ್ವಜನಿಕರಿಗೆ ತೋರಿಸಬೇಕು. ಸಮ ಮಾಡಿ ಎಂದು ಹೇಳುವುದಿಲ್ಲ, ತೋರಿಸಿ ಅನ್ನುತ್ತದೆ.

ಮೊನ್ನೆ ರಾತ್ರಿ ಮಗಳು ಮಲಗಿದ ಮೇಲೆ ಕೂತು ನಮ್ಮ ಡಿಸ್ಟ್ರಿಕ್ಟಿನ ಆ ಪಟ್ಟಿಯನ್ನು ಹುಡುಕಿ ತೆಗೆದೆ. ನಮ್ಮ ಶಾಲೆಯ ಸಾಲು, ಗುಡ್ಡದ ಮೇಲಿನ ದೊಡ್ಡ ಮನೆಗಳ ಬಡಾವಣೆಯ ಶಾಲೆಯ ಸಾಲು. ಕೇಂದ್ರದ ದುಡ್ಡಿನ ಅಂಕಣದಲ್ಲಿ ನಮ್ಮದು ಮೇಲೆ. ಸ್ಥಳೀಯ ದುಡ್ಡಿನ ಅಂಕಣದಲ್ಲಿ ನಮ್ಮದು ಕೆಳಗೆ. ಒಂದರಿಂದ ಇನ್ನೊಂದನ್ನು ಕಳೆದರೆ ಮೇಲೆ ಉಳಿಯುವುದು ಅಷ್ಟಕ್ಕಷ್ಟೇ.

ಪೋಷಕರ ಸಭೆ ಬರುವ ಗುರುವಾರ ಸಂಜೆ. ಡಿಸ್ಟ್ರಿಕ್ಟಿಗೆ ಬರುವ ಟೈಟಲ್ ಒನ್ ಹಣ 5 ಲಕ್ಷ ಡಾಲರಿಗಿಂತ ಹೆಚ್ಚಿದ್ದರೆ ಅದರಲ್ಲಿ ಶೇಕಡಾ 1ನ್ನು ಪೋಷಕರಿಗಾಗಿಯೇ ಇಡಬೇಕು ಎಂಬ ನಿಯಮವೂ ಇದೆ, ಬಹುಶಃ ಅಲ್ಲಿ ಕೊಡುವ ಬಿಸ್ಕತ್ತು ಕಾಫಿ ಅದರದ್ದೇ. ಆ ಎರಡು ಸಾಲುಗಳನ್ನು ಪ್ರಿಂಟ್ ತೆಗೆದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಹೋದ ವರ್ಷ ಸಭೆಗೆ ಬಂದಿದ್ದವರು ಒಂಬತ್ತು ಜನ.